ಹೊಸ ಕಂಪ್ಯೂಟರಿನಲ್ಲಿ ಮಾವನ ಬೈಗುಳಗಳು

ನಮ್ಮ ಸೋದರಮಾವನನ್ನು ಯಾರಾದರೂ ಚೆನ್ನಾಗಿ ಬೈದರೆ, ಮಾವ ಅವರಿಗೆ ಕಾಫಿ ಕೊಡಿಸುತ್ತಿದ್ದರು. ನೀವು ನಂಬಬೇಕು. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನವನಿಗೆ ಇದು ರೂಢಿಯಾಗಿಬಿಟ್ಟಿತ್ತು. ಮಾವ ಅಪರಿಚಿತರೊಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಒಳಗೆ ಬಂದರೆ, "ಏನ್ ಮೇಷ್ಟ್ರೆ, ಇವತ್ತು ಎಂಗೆ ಬೈದ್ರು?" ಎಂದು ಕೇಳುತ್ತಲೇ ಎರಡು ಲೋಟ ಇಡುತ್ತಿದ್ದ. ಮಾವ ಸಂತೋಷದಿಂದ, "ಒಂದು ಹೊಸಾದು ಸಿಕ್ತು ಕಣಯ್ಯ" ಎನ್ನುತ್ತಿದ್ದರು.

ಮಾವ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಕೆಲಸದಲ್ಲಿದ್ದಷ್ಟು ಕಾಲವೂ ಅವರು ಪಟ್ಟ ಪಾಡು ಒಂದೇ, ತಾಲ್ಲೂಕಿನ ಮಕ್ಕಳ ಬಾಯಿಂದ ಹಕಾರ ಹೊರಡಿಸುವುದು. ಆಲು ಅಲ್ಲ ಹಾಲು, ಅಗ್ಗ ಅಲ್ಲ ಹಗ್ಗ, ಆಸ್ನ ಅಲ್ಲ ಹಾಸನ. ಹುಡುಗರು ಅವರಿಗೆ ಹೆದರಿ ಬೇಕಾದಲ್ಲಿ ಬೇಡವಾದಲ್ಲಿ ಎಲ್ಲ ಕಡೆಯೂ ಹಕಾರ ಸುರಿದು, 'ಹಾಲದ ಮರದ ಕೆಳಗೆ ಹಾನೆ ಮಲಗಿತ್ತು' ಎಂದು ಪರೀಕ್ಷೆಯಲ್ಲಿ ಬರೆಯುತ್ತಿದ್ದರು. ಇಂಥ ಮಾವ ತೊಂಬತ್ತರ ದಶಕದಲ್ಲಿ ನಿವೃತ್ತರಾದರು. ಆದ ಕೆಲವೇ ದಿನಕ್ಕೆ ತಮ್ಮ ಹಳೆಯ ವಿದ್ಯಾರ್ಥಿಯೊಬ್ಬ ತೆಂಗಿನಕಾಯಿ ಮಂಡಿಯ ಮುಂದೆ ಇನ್ನೊಬ್ಬನ ಮೇಲೆ ಹರಿಹಾಯುವುದನ್ನು ನಿಂತು ಕೇಳಿದರು. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಅತ್ತೆಗೆ ಹೇಳಿದರಂತೆ:

"ಕ್ಲಾಸಿಗೇ ಮೊದಲು ಬಂದಿದ್ದ ಹುಡುಗ. ಕೋಪ ಬಂದಾಗ ನಾನು ಕಲಿಸಿದ ಕನ್ನಡ ಒಂದಕ್ಷರ ಆಡಲಿಲ್ಲ ಕಣೇ. ಎಷ್ಟು ಚೆನ್ನಾಗಿ ಮಾತಾಡಿದ ಗೊತ್ತಾ?"

ಮನುಷ್ಯ ನಿಜವಾದ ತನ್ನ ಭಾಷೆ ಆಡುವುದು ಬೈಯುವಾಗ ಮಾತ್ರ ಎಂಬ ಸಿದ್ಧಾಂತ ಆವತ್ತು ಹುಟ್ಟಿತು. ಮಾರನೆಯ ವಾರ ಮಾವ ಹಾಸನಕ್ಕೆ ಹೋಗಿ ಒಂದು ಸಣ್ಣ ಟೇಪ್‌ರೆಕಾರ್ಡರ್ ಕೊಂಡು ತಂದರು.

ಆದರೆ ಬೈಗುಳ ಸಂಗ್ರಹ ಅಂದುಕೊಂಡಷ್ಟು ಸುಲಭವೇ? ಅರಕಲಗೂಡಿಗೆ ಹೋಗುವ ಬಸ್ಸಿನಲ್ಲಿ ಮಾವ ಬೇಕೆಂದೇ ಬಾಗಿಲಿಗೆ ಅಡ್ಡ ನಿಂತರು. ಕಂಡಕ್ಟರ್ ನಿರೀಕ್ಷೆಗೂ ಮೀರಿ ಬೈದ. ಆನಂದಗೊಂಡ ಮಾವ ಟೇಪ್‌ರೆಕಾರ್ಡರನ್ನು ಅವನ ಮುಖದ ಹತ್ತಿರ ಹಿಡಿದು, "ಇನ್ನೊಂದು ಸಲ ಹಾಗೇ ಹೇಳಪ್ಪ" ಎಂದರು. ಕಂಡಕ್ಟರಿನ ಮುಖ ಬಿಳಿಚಿಕೊಂಡಿತು. "ತಪ್ಪಾಯ್ತು ಸಾ. ಡಿಪೋಗೆ ಕಂಪ್ಲೇಂಟ್ ಕೊಡ್ಬೇಡಿ ಸಾ. ಮುಂದೆ ಸೀಟ್ ಮಾಡಿಸ್ಕೊಡ್ತೀನಿ ಬನ್ನಿ" ಎಂದು ಡ್ರೈವರ್ ಪಕ್ಕ ಕೂರಿಸಿದ. ಮಾವ ಅರಕಲಗೂಡಿನವರೆಗೂ ಕಿಟಕಿ ನೋಡುತ್ತಾ ಬೇಜಾರಿನಿಂದ ಕೂತಿದ್ದರಂತೆ. ಅಲ್ಲಿಂದ ಮುಂದೆ ಟೇಪ್‌ರೆಕಾರ್ಡರ್ ತರಕಾರಿ ಚೀಲದೊಳಗೆ, ಸೊಪ್ಪಿನ ಕೆಳಗೆ ಪ್ರಯಾಣ ಮಾಡತೊಡಗಿತು.

ಕೆಲವು ವರ್ಷಗಳಲ್ಲಿ ಮನೆಯ ಬೀರು ಕ್ಯಾಸೆಟ್ಟುಗಳಿಂದ ತುಂಬಿತು. ಜೊತೆಗೆ ಮಾವನ ವಿದ್ವತ್ತೂ ಬೆಳೆಯಿತು. "ಚನ್ನರಾಯಪಟ್ಟಣದ ಬೈಗುಳದಲ್ಲಿ ಲಯ ಇದೆ. ಅರಕಲಗೂಡಿನದರಲ್ಲಿ ಉಪಮೆ ಜಾಸ್ತಿ. ನಿಮ್ಮ ಹಾಸನದವರದು ಏನೂ ಇಲ್ಲಮ್ಮ. ಅರ್ಧ ಬೈದು ಬಸ್ ಹತ್ತಿಬಿಡ್ತಾರೆ" ಎಂದು ನನಗೆ ಹೇಳುತ್ತಿದ್ದರು. ನಾನು ಹಾಸನದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಊರಿನ ಮರ್ಯಾದೆ ಉಳಿಸಲು ನಾನೇ ಒಮ್ಮೆ ಬೈದು ತೋರಿಸಿದೆ. ಮಾವ ಪೂರ್ತಿ ಕೇಳಿ, "ಓದಿದವರ ಬೈಗುಳ" ಎಂದು ತಳ್ಳಿಹಾಕಿದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮಾವನಿಗೆ ಕಂಪ್ಯೂಟರಿನ ಹುಚ್ಚು ಹತ್ತಿತು. ವೆಬ್‌ಸೈಟು ಮಾಡಿದರೆ ಪ್ರಪಂಚದಲ್ಲಿ ಎಲ್ಲಿದ್ದವರೂ ನಮ್ಮ ಕಡೆಯ ಬೈಗುಳ ಕೇಳಬಹುದು ಎಂದು ಯಾರೋ ಹೇಳಿದ್ದೇ ಕಾರಣ. ಕಂಪ್ಯೂಟರ್ ಬಂತು. ವೆಬ್‌ಸೈಟಿನ ಪುಟ ಕಟ್ಟುವ ಒಂದು ಸಾಫ್ಟ್‌ವೇರ್ ಬಂತು. ಮಾವ ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಸೈಟು ಕಟ್ಟಿದರು. ತಾಲ್ಲೂಕಿಗೆ ಒಂದು ಪುಟ, ಪುಟಕ್ಕೊಂದು ಬಣ್ಣ, ಪ್ರತಿ ಬೈಗುಳದ ಪಕ್ಕ ಸ್ಪೀಕರಿನ ಪುಟ್ಟ ಚಿತ್ರ. ಚಿತ್ರ ಒತ್ತಿದರೆ ಬೈಗುಳ ಕೇಳಿಸುತ್ತಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಮಾವ ಸೈಟು ತೆರೆದು ಒಂದೊಂದನ್ನೇ ಒತ್ತಿ, ತಲೆದೂಗುತ್ತಾ ಬೈಸಿಕೊಳ್ಳುತ್ತಿದ್ದರು. ಅತ್ತೆ ದೇವರಮನೆ ಬಾಗಿಲು ಮುಂದೆ ಮಾಡಿಕೊಂಡು ಸ್ತೋತ್ರ ಹೇಳುತ್ತಿದ್ದರು.

ಆ ಕಂಪ್ಯೂಟರ್ ಕೆಲವು ವರ್ಷ ದುಡಿದು ಸುಸ್ತಾಯಿತು. ಗುಂಡಿ ಒತ್ತಿ, ಸ್ನಾನ ಮುಗಿಸಿ ಬಂದರೂ ಪರದೆ ಇನ್ನೂ ಆಕಳಿಸುತ್ತಿರುತ್ತಿತ್ತು. ಕೊನೆಗೆ ಹಾಸನದ ಅಂಗಡಿಯಿಂದ ಹೊಸದು ಬಂತು. ಅಂಗಡಿಯವನು ಹಳೆಯದರಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ತುಂಬಿ, ಸಾಫ್ಟ್‌ವೇರನ್ನೂ ಹಾಕಿಕೊಟ್ಟು, "ಎಲ್ಲಾ ಅಂಗೇ ಐತೆ ಸಾ" ಎಂದು ಹೇಳಿ ಹೋದ. ಹಳೆಯ ಕಂಪ್ಯೂಟರ್ ಮೂಲೆ ಸೇರಿತು. ಅತ್ತೆ ಅದರ ಮೇಲೆ ಹಪ್ಪಳದ ಡಬ್ಬಿ ಇಟ್ಟರು.

ಮಾರನೆಯ ಬೆಳಿಗ್ಗೆ ನಮ್ಮ ಮನೆಗೆ ಫೋನು.

"ಏನಮ್ಮ, ಈ ಹೊಸ ಕಂಪ್ಯೂಟರ್ ನನ್ನನ್ನೇ ಬೈತಾ ಇದೆಯಲ್ಲ."

"ಏನಂತ ಮಾವ?"

"ಅದು ಗೊತ್ತಾದ್ರೆ ಬರೆದಿಟ್ಕೊಳ್ತಿರಲಿಲ್ವೇ? ಸೈಟು ತೆರೆದರೆ ಒಂದು ಕನ್ನಡ ಅಕ್ಷರ ಇಲ್ಲ. ಟೋಪಿ ಹಾಕ್ಕೊಂಡಿರೋ ಇಂಗ್ಲಿಷ್ ಅಕ್ಷರಗಳು, ಬಾಲ ಇರೋ ಅಕ್ಷರಗಳು, ಮಧ್ಯೆ ಮಧ್ಯೆ ಸೊನ್ನೆ."

ಕನ್ನಡದ ಅಕ್ಷರ ವಿನ್ಯಾಸ, ಅದೇ ಫಾಂಟು, ಹೊಸ ಕಂಪ್ಯೂಟರಿನಲ್ಲಿ ಇಲ್ಲ ಎಂದು ಗೊತ್ತಾಯಿತು. ಫೋನಿನಲ್ಲೇ ದಾರಿ ಹೇಳಲು ಹೊರಟೆ. ಆಗಿನ ಕಾಲ ನಿಮಗೆ ನೆನಪಿದೆಯೇ? ಫೋನೂ ಇಂಟರ್ನೆಟ್ಟೂ ಒಂದೇ ತಂತಿಯಲ್ಲಿ. ಇಂಟರ್ನೆಟ್ ಹಾಕಬೇಕಾದರೆ ಮಾವ ಫೋನ್ ಇಡಬೇಕು, ನನ್ನ ಜೊತೆ ಮಾತಾಡಬೇಕಾದರೆ ಇಂಟರ್ನೆಟ್ ಕಡಿಯಬೇಕು. ತಪ್ಪು ಕಾಣಿಸುವಾಗ ನಾನಿಲ್ಲ, ನಾನಿರುವಾಗ ತಪ್ಪಿಲ್ಲ. ಹಾಗಾಗಿ ಮಾವ ಪರದೆಯ ಮೇಲೆ ಬಂದದ್ದನ್ನು ಬಾಯಿಪಾಠ ಮಾಡಿಕೊಂಡು ಆಮೇಲೆ ನನಗೆ ಒಪ್ಪಿಸುತ್ತಿದ್ದರು, ವ್ಯಾಕರಣ ಸಮೇತ.

"'ಫೈಲ್ ಕೆನಾಟ್ ಬಿ ಫೌಂಡ್' ಅಂತ ಬಂತು. ಕರ್ಮಣಿ ಪ್ರಯೋಗ. ಯಾರಿಗೆ ಸಿಗಲಿಲ್ಲ, ಯಾರು ಹುಡುಕಿದ್ರು, ಒಂದೂ ಹೇಳಿಲ್ಲ. ಕರ್ತೃನೇ ಇಲ್ಲದ ವಾಕ್ಯಕ್ಕೆ ನಾನು ಏನಂತ ಉತ್ತರ ಕೊಡಲಿ?"

ಭಾನುವಾರ ನಾನೇ ಬಸ್ ಹತ್ತಿದೆ. ಹಪ್ಪಳದ ಡಬ್ಬಿ ಇಳಿಸಿ, ಹಳೆಯ ಕಂಪ್ಯೂಟರಿನಿಂದ ಫಾಂಟು ತೆಗೆದು ಹೊಸದಕ್ಕೆ ಹಾಕಿದೆ. ಟೋಪಿ ಬಾಲಗಳೆಲ್ಲ ಉದುರಿ ಮುದ್ದಾದ ಕನ್ನಡ ಮೂಡಿತು. ಮಾವ ಉಮೇದಿನಿಂದ ಚನ್ನರಾಯಪಟ್ಟಣದ ಮೊದಲನೆಯ ಸ್ಪೀಕರ್ ಒತ್ತಿದರು. ಬೈಗುಳ ಬರಲಿಲ್ಲ. ಬದಲಿಗೆ ಪೆಟ್ಟಿಗೆಯೊಳಗೆ ಗುರ್ ಎಂದು ಸದ್ದಾಗಿ, ಸಿಡಿ ಹಾಕಿ ಎಂಬ ಅಪ್ಪಣೆ ಬಂತು. ಮಾವ ವಿಧೇಯರಾಗಿ ಅತ್ತೆಯ ಭಜನೆಯ ಸಿಡಿ ಹಾಕಿದರು. ಅದಕ್ಕೂ ಕಂಪ್ಯೂಟರ್ ಒಪ್ಪಲಿಲ್ಲ.

ಸಾಫ್ಟ್‌ವೇರಿನ ಒಳಗೆ ಹೋಗಿ ಆ ಸ್ಪೀಕರಿನ ಹಿಂದೆ ಬರೆದಿದ್ದ ವಿಳಾಸ ನೋಡಿದೆ. 'ಡಿ' ಎಂದು ಶುರುವಾಗಿತ್ತು. ಹಳೆಯ ಕಂಪ್ಯೂಟರಿನಲ್ಲಿ ಡಿ ಎಂದರೆ ಮಾವ ಧ್ವನಿಗಳನ್ನೆಲ್ಲ ಇಟ್ಟಿದ್ದ ಜಾಗ. ಹೊಸದರಲ್ಲಿ ಡಿ ಎಂದರೆ ಸಿಡಿ ಹಾಕುವ ಬಾಗಿಲು. ರೋಗ ಸಿಕ್ಕಿತು ಎಂದು ಹಿಗ್ಗಿದೆ. ಆ ಹಿಗ್ಗಿನಲ್ಲೇ ಇನ್ನೊಂದು ವಿಷಯ ಹೊಳೆದು ಕೈ ನಿಂತುಹೋಯಿತು.

ಪ್ರತಿ ಸ್ಪೀಕರೂ ಮಾವನ ಮನೆಯ ಕಂಪ್ಯೂಟರಿನ ಒಳಗನ್ನೇ ತೋರಿಸುತ್ತಿತ್ತು. ಧ್ವನಿಗಳು ಇಂಟರ್ನೆಟ್ಟಿಗೆ ಹೋಗಿಯೇ ಇರಲಿಲ್ಲ. ಬೇರೆ ಊರಿನಲ್ಲಿ ಕೂತು ಸ್ಪೀಕರ್ ಒತ್ತಿದವರ ಕಂಪ್ಯೂಟರ್ ತನ್ನದೇ ಡಿ ಕೋಣೆಯಲ್ಲಿ ಹುಡುಕಿ, ಏನೂ ಸಿಗದೆ ಸುಮ್ಮನಾಗಿರುತ್ತದೆ. ಇಷ್ಟು ವರ್ಷ ಪ್ರಪಂಚದಲ್ಲಿ ಒಬ್ಬರೂ ಒಂದು ಬೈಗುಳವನ್ನೂ ಕೇಳಿರಲಿಲ್ಲ.

ಹೇಳುವುದೋ ಬೇಡವೋ ಎಂದು ಯೋಚಿಸಿದೆ. ಮಾವ ನನ್ನ ಮುಖ ನೋಡಿಯೇ, "ಏನದು, ಹೇಳಿಬಿಡು" ಎಂದರು. ಹೇಳಿದೆ. ಅವರು ಕುರ್ಚಿಯಿಂದ ಎದ್ದು ಜಗಲಿಯವರೆಗೆ ಹೋದರು. ಆಮೇಲೆ ಒಳಗೆ ಬಂದು ನಿಧಾನವಾಗಿ ಹೇಳಿದರು:

"ಹಾಗಾದ್ರೆ ಇಷ್ಟು ವರ್ಷ ನಾನೊಬ್ಬನೇ ಬೈಸಿಕೊಂಡಿದ್ದೀನಿ."

ನಗಬೇಕೆನಿಸಿತು, ನಗಲಾಗಲಿಲ್ಲ. ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆ, "ಸರಿ, ಈಗ ಎಲ್ಲರಿಗೂ ಕೇಳೋ ಹಾಗೆ ಮಾಡಿ ಮತ್ತೆ. ಕಾಫಿ ತರ್ತೀನಿ" ಎಂದರು.

ಮುಂದಿನ ಎಷ್ಟೋ ಭಾನುವಾರಗಳು ಅದರಲ್ಲೇ ಹೋದವು. ಧ್ವನಿಗಳನ್ನೆಲ್ಲ ಪುಟಗಳ ಜೊತೆಯೇ ಒಂದು ಕಡೆ ಇಟ್ಟು, ಒಂದೊಂದೇ ಸ್ಪೀಕರಿನ ವಿಳಾಸ ತಿದ್ದಿದೆವು. ಮಾವ ಹೆಸರು ಓದುವುದು, ನಾನು ತಿದ್ದುವುದು. ಕೊನೆಗೆ ಸೈಟನ್ನು ಇಂಟರ್ನೆಟ್ಟಿಗೆ ಕಳಿಸಲು ಹೊರಟರೆ ಸಾಫ್ಟ್‌ವೇರ್ ಪಾಸ್‌ವರ್ಡ್ ಕೇಳಿತು. ಹಳೆಯ ಕಂಪ್ಯೂಟರ್ ಅದನ್ನು ತಾನೇ ನೆನಪಿಟ್ಟುಕೊಂಡಿತ್ತು. ಮಾವ ಮರೆತಿದ್ದರು. ಯಾರೂ ಊಹಿಸಬಾರದೆಂದು ಒಂದು ಬೈಗುಳವನ್ನೇ ಇಟ್ಟಿದ್ದು ಮಾತ್ರ ನೆನಪಿತ್ತು. ಸರಿ, ಮಾವ ಕಣ್ಣು ಮುಚ್ಚಿ ಗಟ್ಟಿಯಾಗಿ ಒಂದೊಂದೇ ಹೇಳುತ್ತಾ ಹೋದರು, ನಾನು ಟೈಪು ಮಾಡುತ್ತಾ ಹೋದೆ. "ಮೂದೇವಿ." ಇಲ್ಲ. "ದಂಡಪಿಂಡ." ಇಲ್ಲ. "ಕೋಡಂಗಿ." ಅದೂ ಅಲ್ಲ. ಅಷ್ಟು ಹೊತ್ತಿಗೆ ಅರಿಶಿನ ಕುಂಕುಮಕ್ಕೆ ಕರೆಯಲು ಬಂದಿದ್ದ ಪಕ್ಕದ ಮನೆಯ ಅರ್ಚಕರ ಹೆಂಡತಿ ಹೊಸ್ತಿಲಲ್ಲೇ ನಿಂತು, "ಮೇಷ್ಟ್ರಿಗೆ ಮೈ ಹುಷಾರಿಲ್ಲ ಅಂತ ಕಾಣತ್ತೆ, ಆಮೇಲೆ ಬರ್ತೀನಿ" ಎಂದು ಅತ್ತೆಗೆ ಹೇಳಿ ಹೊರಟೇಹೋದರು. ಇತ್ತ 'ಅಲ್ಕಾ' ಎಂದು ಹಾಕಿದರೆ ಅದೂ ತಪ್ಪಾಯಿತು. ನಾನು ಸೋತು ಒಂದು ಹಕಾರ ಸೇರಿಸಿ 'ಹಲ್ಕಾ' ಎಂದು ಹಾಕಿದೆ. ಬಾಗಿಲು ತೆರೆಯಿತು. ಎಷ್ಟಾದರೂ ಮೇಷ್ಟ್ರಲ್ಲವೇ?

ಮನೆಯಲ್ಲಿ ಕೇಳಿಸಿದರೆ ಸಾಲದು, ಬೇರೆ ಕಂಪ್ಯೂಟರಿನಲ್ಲಿ ಕೇಳಿಸುತ್ತದೆಯೇ ನೋಡಬೇಕಿತ್ತು. ಸೋಮವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಹೋದೆ. ಅಲ್ಲಿ ಅಟೆಂಡರ್ ಒಬ್ಬನೇ ಇದ್ದ, ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತಿದ್ದ. ನಾನು ಅರಕಲಗೂಡಿನ ಪುಟ ತೆರೆದು ಕೈಗೆ ಸಿಕ್ಕ ಒಂದು ಸ್ಪೀಕರ್ ಒತ್ತಿದೆ. ಹೆಂಗಸೊಬ್ಬಳ ಧ್ವನಿ ಲ್ಯಾಬನ್ನು ತುಂಬಿತು.

"ಯಾವನ್ಲಾ ಅವ್ನು? ಕಣ್ಣೇನ್ ಇಂಗೋಗವಾ? ಸಸಿ ಮಡಿ ಮ್ಯಾಲೆ ಕಾಲಿಕ್ಕಂಡ್ ನಿಂತವ್ನೆ ಗೂಬೆ ನನ್ಮಗ. ನೋಡ್ಕಂಡ್ ನಡಿಯಾದ ನಿಮ್ಮವ್ವ ಕಲಿಸ್ನಿಲ್ವಾ?"

ಕೇಳಿಸಿತು ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಮಾವನಿಗೆ ಫೋನ್ ಮಾಡಲು ಎದ್ದೇಬಿಟ್ಟೆ. ತಿರುಗಿ ನೋಡಿದರೆ ಅಟೆಂಡರ್ ಕುರ್ಚಿಯೊಂದನ್ನು ಎತ್ತಿ ಹಿಡಿದುಕೊಂಡೇ ನಿಂತಿದ್ದ.

"ಅದು ನಮ್ಮವ್ವ ಕಣ್ ಮೇಡಮ್" ಎಂದ.

ಅವನ ಊರು ಅರಕಲಗೂಡಿನ ಹತ್ತಿರದ ಮಲ್ಲಿಪಟ್ಟಣ. ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ಇನ್ನೊಂದು ಸಲ ಹಾಕಿ ಎಂದ. ಹಾಕಿದೆ. ಮತ್ತೊಂದು ಸಲ ಎಂದ. ಆಮೇಲೆ ಕುರ್ಚಿ ಕೆಳಗಿಟ್ಟು, "ನಂಗೂ ಇಂಗೇ ಬೈಯ್ಯೋಳು" ಎಂದು ನಕ್ಕ.

ವಿಷಯ ಕೇಳಿದ ಮಾವ, ಭಾನುವಾರ ಅವನನ್ನು ಕರೆದುಕೊಂಡೇ ಬರಬೇಕೆಂದರು. ನಾವು ಹೋಗುವ ಹೊತ್ತಿಗೆ ಮೂಲ ಕ್ಯಾಸೆಟ್ಟನ್ನು ಬೀರುವಿನಿಂದ ಹುಡುಕಿ ತೆಗೆದು ಟೇಪ್‌ರೆಕಾರ್ಡರಿಗೆ ಹಾಕಿಟ್ಟಿದ್ದರು. ಅವನ ಎದುರು ಕೂತು, ಏನೋ ಸಂಕೋಚದಿಂದ ಹೇಳಿದರು:

"ನೋಡಪ್ಪ, ನನಗೆ ಬೇಕಾಗಿದ್ದು ಬೈಗುಳ ಮಾತ್ರ. ಹಾಗಾಗಿ ಕಂಪ್ಯೂಟರಿಗೆ ಹಾಕುವಾಗ ಆಮೇಲಿನ ಮಾತೆಲ್ಲ ಕತ್ತರಿಸಿಬಿಟ್ಟಿದ್ದೆ. ಇದರಲ್ಲಿ ಪೂರ್ತಿ ಇದೆ. ಕೇಳು."

ಬೈಗುಳ ಬಂತು. 'ನಿಮ್ಮವ್ವ ಕಲಿಸ್ನಿಲ್ವಾ' ಆದ ಮೇಲೆ, "ತಪ್ಪಾಯ್ತು ತಾಯಿ" ಎಂಬ ಮಾವನ ಧ್ವನಿ. ಚೀಲದಲ್ಲಿ ಸೊಪ್ಪು ಅಲ್ಲಾಡಿದ ಸದ್ದು. ಆಮೇಲೆ ಅದೇ ಹೆಂಗಸಿನ ಧ್ವನಿ, ಈಗ ತಗ್ಗಿತ್ತು.

"ಮಕ ನೋಡು ಎಂಗ್ ಬಾಡೋಗದೆ. ಈ ಬಿಸ್ಲಲ್ಲಿ ಯಾಕ್ ತಿರುಗ್ತೀಯ? ಬಾ ಇತ್ತ, ನೆಳ್ಳಲ್ಲಿ ಕೂತ್ಕ. ಒಂದ್ ಲೋಟ ಮಜ್ಗೆ ಕುಡ್ಕಂಡ್ ಓಗು. ನಮ್ ಉಡ್ಗನೂ ನಿನ್ನಂಗೇಯ. ಆಸ್ನದಾಗ್ ಕೆಲ್ಸಕ್ಕೆ ಸೇರ್ಕಂಡವ್ನೆ. ಒತ್ತೊತ್ತಿಗೆ ಉಣ್ತಾನೋ ಇಲ್ವೋ, ಯಾರ್ ಕೇಳ್ತಾರೆ ಅವ್ನ?"

ಅಟೆಂಡರ್ ಟೇಪ್‌ರೆಕಾರ್ಡರ್ ಕಡೆಗೆ ಬಗ್ಗಿದ. ನಾವು ಮೂವರು ಅಲ್ಲಿರುವುದೇ ಅವನಿಗೆ ಮರೆತಿತ್ತು.

"ಉಣ್ತಿವ್ನಿ ಕಣವ್ವ" ಎಂದ.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಎಲೆ ಹಾಕಲು ಒಳಗೆ ಹೋದರು. ಅವನು ಅಲ್ಲೇ ಊಟ ಮಾಡಿ, ಹೊರಡುವಾಗ ಮಾವ ಕೊಟ್ಟ ಕ್ಯಾಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಹೋದ.

ಆ ಮಳೆಗಾಲ ಪೂರ್ತಿ ಮಾವ ಕಂಪ್ಯೂಟರ್ ಮುಂದೆ ಕೂತು, ತಾವು ಕತ್ತರಿಸಿದ್ದ ಮಾತುಗಳನ್ನೆಲ್ಲ ಕ್ಯಾಸೆಟ್ಟುಗಳಿಂದ ಹುಡುಕಿ ಮತ್ತೆ ಸೇರಿಸಿದರು. ನೀರು ಕೊಟ್ಟವರು, ಕೂರು ಎಂದವರು, ಮಕ್ಕಳೆಷ್ಟು ಎಂದು ವಿಚಾರಿಸಿದವರು ಎಲ್ಲರೂ ಸೈಟಿಗೆ ವಾಪಸು ಬಂದರು. ಮಲ್ಲಿಪಟ್ಟಣದ ತಾಯಿಯದು ಮಾತ್ರ ಮೊದಲಿದ್ದಂತೆ, ಬೈಗುಳಕ್ಕೇ ನಿಲ್ಲುತ್ತಿತ್ತು. ಅಟೆಂಡರಿನಿಂದ ಆ ಕ್ಯಾಸೆಟ್ಟು ತರಿಸಿಕೊಳ್ಳುವುದು ಮರೆತಿರಬೇಕು ಎಂದುಕೊಂಡು ಒಮ್ಮೆ ನಾನೇ ಕೇಳಿದೆ.

"ಮರೆತಿಲ್ಲಮ್ಮ" ಎಂದರು ಮಾವ. "ಬೈದದ್ದು ನನ್ನನ್ನ, ಅದು ನನ್ನದು. ಆಮೇಲಿನದು ಆ ತಾಯಿ ಮಗನಿಗೆ ಹೇಳಿದ್ದು."