ಕಲ್ಲಿದ್ದಲಿನ ಕರೆಂಟೂ ನಮ್ಮ ಮಾವನೂ

ನಮ್ಮ ಸೋದರಮಾವನಂಥ ದೇಶಭಕ್ತರು ತುರುವೇಕೆರೆ ತಾಲ್ಲೂಕಿನಲ್ಲಿ ಮತ್ತೊಬ್ಬರು ಹುಟ್ಟಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ. ದೇಶಕ್ಕಾಗಿ ಜೈಲಿಗೆ ಹೋದವರುಂಟು, ಉಪವಾಸ ಕೂತವರುಂಟು. ಆದರೆ ದೇಶಕ್ಕಾಗಿ ಕತ್ತಲಲ್ಲಿ ಕೂತು ಮುದ್ದೆ ನುಂಗಿದವರು, ತಮ್ಮ ತಟ್ಟೆಯೆಂದುಕೊಂಡು ಪಕ್ಕದವರ ಸಾರಿಗೆ ಕೈ ಅದ್ದಿದವರು ಯಾರಾದರೂ ಇದ್ದಾರೆಯೇ? ನಮ್ಮ ಮಾವ ಒಬ್ಬರೇ!

ಮೊದಲು ಹೀಗಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಮಾಯಸಂದ್ರದ ಹತ್ತಿರ ಅವರ ತೋಟದ ಮನೆಗೆ ಕರೆಂಟು ಬಂದಾಗ ಅವರಷ್ಟು ಧಾರಾಳಿ ಇನ್ನೊಬ್ಬರಿರಲಿಲ್ಲ. ಕೊಟ್ಟಿಗೆಗೊಂದು ಬಲ್ಬು, ಕೊಬ್ಬರಿ ಅಟ್ಟಕ್ಕೊಂದು, ಹಿತ್ತಲಿನ ಹಲಸಿನ ಮರಕ್ಕೂ ಒಂದು. ಎಲ್ಲವೂ ಹಗಲೂ ರಾತ್ರಿ ಉರಿಯುತ್ತಿದ್ದವು.

"ಯಾಕ್ ಮಾವ, ಹಸುಗಳೇನು ಪರೀಕ್ಷೆಗೆ ಓದ್ಕೊಳ್ತಾವಾ?" ಎಂದು ನಾನು ಕೇಳಿದರೆ, "ಜೋಗದಾಗೆ ನೀರು ಸುಮ್ನೆ ಬೀಳ್ತಾ ಐತೆ ಕಣಪ್ಪ. ನಾವು ಉರಿಸ್ದೇ ಇದ್ರೆ ಬೀಳೋದು ನಿಲ್ಲುಸ್ತದಾ?" ಎನ್ನುತ್ತಿದ್ದರು.

ನಾನಾಗ ತಿಪಟೂರಿನಲ್ಲಿ ಮೇಷ್ಟರು. ಭಾನುವಾರ ಅವರ ಮನೆಗೆ ಹೋದಾಗ ಪೇಪರು ಓದಿ ಹೇಳುವುದು ನನ್ನ ಕೆಲಸ. ಎಂಬತ್ತರ ದಶಕದ ನಡುವೆ ಒಂದು ಭಾನುವಾರ ಓದುತ್ತಿದ್ದೆ: ಮಳೆ ಕೈಕೊಟ್ಟು ಅಣೆಕಟ್ಟೆಗಳಲ್ಲಿ ನೀರಿಲ್ಲ, ಇನ್ನು ರಾಯಚೂರಿನ ಕಡೆ ಕಲ್ಲಿದ್ದಲು ಸುಟ್ಟೇ ಕರೆಂಟು ತೆಗೆಯಬೇಕು. ಮೇಷ್ಟರ ಬಾಯಿ ಸುಮ್ಮನಿರುತ್ತದೆಯೇ? ದೇಶದ ಬಹುಪಾಲು ಕರೆಂಟು ಎಷ್ಟೋ ಕಾಲದಿಂದ ಕಲ್ಲಿದ್ದಲಿನದೇ, ನಾವು ಮಾತ್ರ ಇಷ್ಟು ದಿನ ನೀರನ್ನು ನಂಬಿ ಕೂತಿದ್ದೆವು ಎಂದು ವಿವರಣೆ ಬೇರೆ ಕೊಟ್ಟೆ. ಮಾವ ಎಲೆಯಡಿಕೆ ಜಗಿಯುವುದನ್ನೇ ನಿಲ್ಲಿಸಿಬಿಟ್ಟರು.

"ಸುಡ್ತಾರೆ ಅಂದ್ರೆ? ಒಲೆ ಹಾಕಿ?"

"ದೊಡ್ಡ ಒಲೆ ಅಂತಲೇ ಇಟ್ಕೊಳ್ಳಿ. ನೀರು ಕಾಯಿಸಿ, ಆ ಆವೀಲಿ ಚಕ್ರ ತಿರುಗಿಸ್ತಾರೆ."

"ಹಂಗಾರೆ ಒಲೆ ಮುಂದೆ ಯಾರೋ ಕೂತಿರ್ಬೇಕಲ್ಲ! ನಾನಿಲ್ಲಿ ಸ್ವಿಚ್ಚು ಒತ್ತಿದ್ರೆ ಅಲ್ಲಿ ಯಾರ ಕಣ್ಣಿಗೋ ಹೊಗೆ ಹೋಯ್ತದೆ ಅನ್ನು!"

ತಕ್ಷಣ ಎದ್ದು ಹೋಗಿ ಹಲಸಿನ ಮರದ ಬಲ್ಬು ಆರಿಸಿದರು. ಅಷ್ಟು ಹೊತ್ತೂ ಅಡುಗೆಮನೆಯಿಂದ ಅತ್ತೆಯ ಕೆಮ್ಮು ಕೇಳುತ್ತಲೇ ಇತ್ತು. ಅತ್ತೆಗೆ ಗೂರಲು. ಒಣಗದ ತೆಂಗಿನ ಮಟ್ಟೆ, ಹಸಿ ಗರಿಯ ಹೊಗೆ ಕುಡಿದೂ ಕುಡಿದೂ ಬಂದದ್ದು. ಒಂದು ಮಾತು ಮುಗಿಸಲು ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದರು. ಈ ಒಲೆ ಬಿಡದಿದ್ದರೆ ಉಸಿರಿಗೇ ಸಂಚಕಾರ, ಕರೆಂಟಿನ ಕಾಯಿಲ್ ಒಲೆಯನ್ನಾದರೂ ತಂದುಕೊಳ್ಳಿ ಎಂದು ತಿಪಟೂರಿನ ಡಾಕ್ಟರು ಹಿಂದಿನ ವಾರವಷ್ಟೇ ಖಂಡಿತವಾಗಿ ಹೇಳಿದ್ದರು. ಆದರೆ ಈಗ ಬಲ್ಬನ್ನೇ ಉರಿಸಗೊಡದವರು ಒಲೆ ತರುತ್ತಾರೆಯೇ?

"ನಿಮ್ ಮಾವಂಗೆ... ರಾಯಚೂರಿನ ಹೊಗೆ ಕಾಣ್ತದೆ... ಈ ಹೊಗೆ ಕಾಣಾಕಿಲ್ಲ" ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ಮಾವ ತಮ್ಮ ಮನೆಯ ಬಲ್ಬು ಆರಿಸಿ ಸುಮ್ಮನಾದರೇ? ಹಂದನಕೆರೆಯಲ್ಲಿ ನೆಂಟರ ಮದುವೆ. ಆರತಕ್ಷತೆಯ ಸಂಜೆ ಚಪ್ಪರದ ತುಂಬ ಬಣ್ಣಬಣ್ಣದ ಸೀರಿಯಲ್ ಸೆಟ್ಟು. ಮಾವನಿಗೆ ತಡೆಯಲಾಗಲಿಲ್ಲ, ಮೈನ್ ಸ್ವಿಚ್ಚನ್ನೇ ಎಳೆದುಬಿಟ್ಟರು! ಬಡಿಸುವವನು ಎಲೆಗೆ ಹಾಕಬೇಕಾದ ಪಾಯಸವನ್ನು ಬೀಗರ ತೊಡೆಗೆ ಹಾಕಿದ.

"ಯಾವನ್ಲಾ ಅವ್ನು, ಮೈನ್ ಆಫ್ ಮಾಡಿದ್ದು?" ಎಂದು ಹೆಣ್ಣಿನ ತಂದೆ ಕೂಗಿದರು.

"ನಾನೇ ಕಣಪ್ಪ. ಹುಡ್ಗೀನ ನೋಡಿ ಒಪ್ಪಿ ತಾಳಿ ಕಟ್ಟಿದ್ದಾಯ್ತಲ್ಲ, ಇನ್ಯಾಕೆ ಬೆಳಕು?"

ಇನ್ನೊಂದು ದಿನ ತುರುವೇಕೆರೆಯ ಟೈಲರ್ ಸಾಬರ ಅಂಗಡಿಗೆ ಚೀಲದ ತುಂಬ ತೆಂಗಿನ ಚಿಪ್ಪಿನ ಇದ್ದಲು ಹೊತ್ತುಕೊಂಡು ಹೋದರು. ಸಾಬರು ಹೊಸದಾಗಿ ಕರೆಂಟಿನ ಇಸ್ತ್ರಿಪೆಟ್ಟಿಗೆ ತಂದಿದ್ದರು. ಅದನ್ನು ಬಿಟ್ಟು ಹಳೆಯ ಇದ್ದಲಿನ ಪೆಟ್ಟಿಗೆಯನ್ನೇ ಹಿಡಿಯಿರಿ, ಇದ್ದಲು ಜೀವಮಾನವಿಡೀ ಪುಕ್ಕಟೆ ಎಂಬುದು ಮಾವನ ಸಲಹೆ.

ಸಾಬರು ನಕ್ಕು, "ಯಜಮಾನ್ರೇ, ಅಲ್ಲಿ ಹೊಗೆ ಬ್ಯಾಡ ಅಂತೀರಿ, ಸರಿ. ಇಲ್ಲಿ ಕೆಮ್ಮೋನು ನಾನಲ್ವಾ?" ಎಂದರು.

ಮಾವ ಇದ್ದಲಿನ ಚೀಲ ಮತ್ತೆ ಹೊತ್ತುಕೊಂಡು ಮನೆಗೆ ಬಂದರು. ವಾರವಾಗಲಿಲ್ಲ, ಮಂತ್ರಾಲಯಕ್ಕೆ ಹೋಗಿಬರುತ್ತೇನೆಂದು ಬಸ್ಸು ಹತ್ತಿಯೇಬಿಟ್ಟರು. ಹಬ್ಬಕ್ಕೂ ದೇವಸ್ಥಾನದ ಮೆಟ್ಟಿಲು ಹತ್ತದ ಮನುಷ್ಯ!

ಹಿಂತಿರುಗಿದ ದಿನ ನಾನು ಅಲ್ಲೇ ಇದ್ದೆ. ಮಂತ್ರಾಕ್ಷತೆಗೆಂದು ಅತ್ತೆ ಕೈ ಒಡ್ಡಿದರೆ ಮಾವನ ಜೇಬು ಖಾಲಿ.

"ಮಂತ್ರಾಲಯಕ್ಕೆ ಪುರುಸೊತ್ತಾಗ್ಲಿಲ್ಲ ಕಣೇ. ರಾಯಚೂರಲ್ಲಿ ಇಳ್ದು ಕಲ್ಲಿದ್ದಲು ಸುಡೋ ತಾವಿಗೆ ಹೋಗಿದ್ದೆ. ಹೊಗೆ ಕೊಳವೆ ಏನೆತ್ತರ ಅಂತೀಯ! ತೆಂಗಿನ ಮರದ ಮ್ಯಾಲೆ ತೆಂಗಿನ ಮರ ನಿಲ್ಸಿದ್ರೂ ಎಟುಕಾಕಿಲ್ಲ. ಗೇಟಿನ ಮುಂದೆ ಟೀ ಅಂಗ್ಡೀಲಿ ದಿನವಿಡೀ ಕೂತು, ಕೆಲ್ಸ ಮುಗಿಸ್ಕೊಂಡು ಬರೋರ ಕಣ್ಣೆಲ್ಲ ನೋಡ್ದೆ. ಒಬ್ರ ಕಣ್ಣೂ ಕೆಂಪಗಿರ್ಲಿಲ್ಲ."

ಮೇಲೆ ಹೋದ ಹೊಗೆ ಎಲ್ಲೋ ಒಂದು ಕಡೆ ಇಳಿಯಲೇಬೇಕಲ್ಲ ಎನ್ನಲು ಬಾಯಿ ತೆರೆದವನು, ಅತ್ತೆಯ ಮುಖ ನೋಡಿ ಮುಚ್ಚಿಕೊಂಡೆ.

ಮಾವ ಮಸಿ ಹಿಡಿದ ಅಡುಗೆಮನೆಯ ಸೂರನ್ನು ಕತ್ತೆತ್ತಿ ನೋಡಿದರು. "ಅವ್ರ ಒಲೇಗೆ ಆಕಾಸದುದ್ದ ಕೊಳವೆ ಕಟ್ಟವ್ರೆ. ನಿನ್ನೊಲೇಗೆ ನಾನೇನು ಕಟ್ಟಿದ್ದೆ ಬುಡು" ಎಂದರು.

ಮರುದಿನವೇ ತಿಪಟೂರಿನಿಂದ ಕಾಯಿಲ್ ಒಲೆ ಬಂತು. ಅತ್ತೆ ಅದಕ್ಕೆ ಹೆದರಿ, ಮಣೆಯ ಮೇಲೆ ನಿಂತು, ದೇವರನ್ನು ನೆನೆದು ಸ್ವಿಚ್ಚು ಒತ್ತುತ್ತಿದ್ದರು. ಒಲೆ ತಿಂದ ಕರೆಂಟನ್ನು ಬೇರೆ ಎಲ್ಲಾದರೂ ಉಳಿಸಬೇಕಲ್ಲ? ಉಳಿದಿದ್ದ ಬಲ್ಬುಗಳಿಗೂ ರಜೆ ಸಿಕ್ಕಿತು. ನಾವು ಕತ್ತಲಲ್ಲಿ ಉಣ್ಣತೊಡಗಿದ್ದು ಆಗಲೇ. ಆದರೂ ಆ ಕತ್ತಲಲ್ಲಿ ಒಂದು ಸುಖವಿತ್ತು. ಅತ್ತೆ ನಮ್ಮ ಜೊತೆ ಕೂತು ಹರಟುತ್ತಿದ್ದರು.

ಮುಂದಿನ ಬೇಸಿಗೆಗೆ ಕಲ್ಲಿದ್ದಲೂ ಸಾಲದೆ ಹೊತ್ತಿಲ್ಲದ ಹೊತ್ತಿನಲ್ಲಿ ಕರೆಂಟು ಹೋಗತೊಡಗಿತು. ಒಂದು ಭಾನುವಾರ ಮಧ್ಯಾಹ್ನ ಹೋದೆ. ಅಡುಗೆಮನೆಯ ಬಾಗಿಲಿಂದ ದಟ್ಟ ಹೊಗೆ, ಒಳಗಿನಿಂದ ಕೆಮ್ಮು. ಅತ್ತೆಯೇ ಇರಬೇಕೆಂದು ಓಡಿದೆ. ಆದರೆ ಅತ್ತೆ ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಾರೆ! ಹಾಗಾದರೆ ಒಳಗೆ ಕೆಮ್ಮುತ್ತಿರುವವರು ಯಾರು?

ಇಣುಕಿದೆ. ಮಣ್ಣಿನ ಒಲೆಯ ಮುಂದೆ ಮಾವ. ಕೈಯಲ್ಲಿ ಊದುಗೊಳವೆ, ಮೀಸೆಯ ಮೇಲೆ ಬೂದಿ, ಕಣ್ಣು ಮೂಗಿನಲ್ಲೆಲ್ಲ ನೀರು.

"ಏನ್ ಮಾವ ಇದು?"

"ರಾಯಚೂರಿನೋರು ಪಾಪ ದಣ್ದವ್ರೆ ಕಣಪ್ಪ. ಕರೆಂಟ್ ಬರೋಗಂಟ ನನ್ ಪಾಳಿ." ಮತ್ತೆ ಕೆಮ್ಮಿ, ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು: "ಇಷ್ಟ್ ವರ್ಷ ಇವ್ಳು ಇಲ್ಲಿ ಹೆಂಗ್ ಕೂತಿದ್ಲೋ ಕಾಣೆ."

ಅಷ್ಟರಲ್ಲಿ ಜಗಲಿಯಿಂದ ಅತ್ತೆ ಕೂಗಿದರು: "ಮಾತ್ ಸಾಕು, ಮುದ್ದೆ ಹಿಟ್ಟು ತಳ ಹತ್ಕೊಂಡಾತು, ಕೋಲು ತಗೊಂಡು ಚೆನ್ನಾಗಿ ತೊಳಸ್ರೀ!"

ಅಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದರು.