ಇಗುವಾನಾಗೊಂದು ಗೌರವದ ಬದುಕು

ಗುರುಸಿದ್ದ ಶನಿವಾರ ಆ ಭಾಷಣ ಬಿಗಿಯದೇ ಇದ್ದಿದ್ದರೆ ಭಾನುವಾರ ತನ್ನ ಪಾಡಿಗೆ ತಾನು ಮಧ್ಯಾಹ್ನದವರೆಗೆ ಮಲಗಿರುತ್ತಿದ್ದ. ಜೆ.ಪಿ. ನಗರದ ಪ್ರಾಣಿ ಆಸ್ಪತ್ರೆಯೊಂದರಲ್ಲಿ ತರಬೇತಿಗಿದ್ದ ಪಶುವೈದ್ಯ ವಿದ್ಯಾರ್ಥಿಗಳಿಗೆ ವಾರಕ್ಕೊಬ್ಬರಂತೆ ಸೆಮಿನಾರ್, ತಿಂಗಳಿಗೊಂದು ವಿಷಯ. ಈ ತಿಂಗಳದ್ದು ಸಾಕಿದ ಸರೀಸೃಪಗಳ ಯೋಗಕ್ಷೇಮ. ಗುರುಸಿದ್ದ ಮೇಜು ಗುದ್ದಿದ್ದೇ ಗುದ್ದಿದ್ದು. ಹಲ್ಲಿ, ಹಾವು, ಆಮೆಗಳಿಗೂ ನೋವಿದೆ, ಗೌರವದ ಬದುಕಿನ ಹಕ್ಕಿದೆ, ಅವನ್ನು ಕಂಡು ಅಸಹ್ಯಪಡುವವರು ಡಾಕ್ಟರಾಗಲು ನಾಲಾಯಕ್ಕು ಎಂದ. ಚಪ್ಪಾಳೆಯೋ ಚಪ್ಪಾಳೆ. ಬಚ್ಚಲಲ್ಲಿ ಹಲ್ಲಿ ಕಂಡರೆ ಈ ಪುಣ್ಯಾತ್ಮ ಅವತ್ತಿನ ಸ್ನಾನವನ್ನೇ ಬಿಡುತ್ತಾನೆಂಬುದು ಪಾಪ, ಸಭೆಗೇನು ಗೊತ್ತು?

ಚಪ್ಪಾಳೆ ತಟ್ಟಿದವರಲ್ಲಿ ಸಹಪಾಠಿ ಶಾಲಿನಿಯೂ ಇದ್ದಳು. ಅವಳ ಜೊತೆ ಕೂತು ಒಂದು ಕಾಫಿ ಕುಡಿಯಬೇಕೆಂದು ಗುರುಸಿದ್ದ ವರ್ಷದಿಂದ ಒದ್ದಾಡುತ್ತಿದ್ದ. ಭಾನುವಾರ ಬೆಳಗ್ಗೆ ಉತ್ತರಹಳ್ಳಿಯ ಅವನ ಬಾಡಿಗೆ ರೂಮಿಗೆ ಅವಳೇ ಬಂದಳು. ಕೈಯಲ್ಲಿ ಮುಚ್ಚಿದ ಬುಟ್ಟಿ, ಅದರೊಳಗೆ ಎರಡು ಮೊಳ ಉದ್ದದ ಹಸಿರು ಇಗುವಾನಾ. ಗುರುಸಿದ್ದನ ಕಣ್ಣಿಗೆ ಅದು ಬಚ್ಚಲ ಹಲ್ಲಿಯ ತಾತನಂತೆ ಕಂಡಿತು.

"ಹುಳಿಮಾವಲ್ಲಿ ದೊಡ್ಡಮ್ಮನ ಮಗಳ ಎಂಗೇಜ್‌ಮೆಂಟು. ಒಂದೇ ಒಂದು ದಿನ ನೋಡ್ಕೋ. ಸೊಪ್ಪು ಹಾಕು, ಬಿಸಿಲಿಗೆ ಬಿಡು. ನಿನ್ನ ಬಿಟ್ರೆ ಯಾರ ಮೇಲೂ ನಂಬಿಕೆ ಇಲ್ಲ ನಂಗೆ."

ಸಂಜೆ ಬಂದು ಕರೆದುಕೊಂಡು ಹೋಗುವುದಾಗಿಯೂ, ಹಾಗೇ ಇಬ್ಬರೂ ಕಾಫಿ ಕುಡಿಯೋಣವೆಂದೂ ಅವಳೇ ಹೇಳಿದಳು. ಗುರುಸಿದ್ದ ಬುಟ್ಟಿಯನ್ನು ತುದಿಬೆರಳಲ್ಲಿ ಹಿಡಿದು ಹಲ್ಲುಬಿಟ್ಟ.

ಟೆರೇಸಿನಲ್ಲಿ ದೂರ ನಿಂತು, ಪೊರಕೆಯ ತುದಿಯಿಂದ ಬುಟ್ಟಿ ತೆರೆದ. ಇಗುವಾನಾ ಹೊರಬಂದು ಬಿಸಿಲಿಗೆ ಮೈಯೊಡ್ಡಿತು. ಯಾರಾದರೂ ಬಂದು ಜೊತೆಗಿರಿ ಎಂದು ತರಬೇತಿಯ ಗೆಳೆಯರಿಗೆ ಫೋನು ಹಚ್ಚಿದ. ಮನು ಎಷ್ಟು ಶಾಖ ಬೇಕೆಂದು ವಿವರಿಸಿದ, ಕೈಲಾಸ್ ಉದ್ದದೊಂದು ಲೇಖನ ಕಳಿಸಿದ. ಬರುವ ಮಾತೆತ್ತಿದೊಡನೆ ಇಬ್ಬರಿಗೂ ನೆಟ್‌ವರ್ಕ್ ಹೋಯಿತು.

ಅಷ್ಟರಲ್ಲಿ ಮನೆಯೊಡತಿ ಮುನಿವೆಂಕಟಮ್ಮ ಸಂಡಿಗೆ ಒಣಹಾಕಲು ಮೇಲೆ ಬಂದಳು. ಹೊಲ ಹೋಗಿ ಬಾಡಿಗೆ ಮನೆಗಳೆದ್ದ ಮೇಲೆ ಅವಳದು ಒಂದೇ ಕಾನೂನು, ಪ್ರಾಣಿ ಸಾಕಿದವರು ಅವತ್ತೇ ರೂಮು ಖಾಲಿ ಮಾಡಬೇಕು.

"ಏನೋ ಅದು?"

"ಪ್ಲಾಸ್ಟಿಕ್ ಐತ್ರೀ ಆಂಟಿ. ಪರೀಕ್ಷೆಗೆ ಓದಾಕ ಕೊಟ್ಟಾರ್ರೀ."

ಇಗುವಾನಾ ಪುಣ್ಯಕ್ಕೆ ರೆಪ್ಪೆಯನ್ನೂ ಆಡಿಸಲಿಲ್ಲ. ಮುನಿವೆಂಕಟಮ್ಮ ನಂಬಿ, ಗಂಡ ರಾಮಯ್ಯನನ್ನೂ ಕರೆದಳು. ರಾಮಯ್ಯ ಛತ್ರಿಯಿಂದ ಅದರ ಬೆನ್ನಿಗೆ ಎರಡು ಬಾರಿ ಕುಟ್ಟಿ, ಒಳ್ಳೇ ಗಟ್ಟಿ ಮಾಲು ಎಂದ. ಅವಕ್ಕೂ ನೋವಿದೆಯೆಂದು ನಿನ್ನೆ ಮೇಜು ಗುದ್ದಿದ್ದ ವೀರ ಪಕ್ಕದಲ್ಲೇ ತುಟಿ ಹೊಲಿದುಕೊಂಡು ನಿಂತಿದ್ದ. ರಾಮಯ್ಯ ಹೆಗಲ ಮೇಲಿನ ಒದ್ದೆ ಟವೆಲನ್ನು ಒಣಗಲೆಂದು ಅದರ ಮೇಲೆಯೇ ಹರವಿದ.

ತಣ್ಣನೆಯ ಟವೆಲು ಯಾರಿಗೆ ತಾನೇ ಹಿತ? ಸ್ವಲ್ಪ ಹೊತ್ತಿಗೆ ಟವೆಲು ನಡೆಯತೊಡಗಿತು. ಸಂಡಿಗೆಯನ್ನೆಲ್ಲ ತುಳಿದುಕೊಂಡು ಹೋಗಿ, ಪೂಜೆಗೆಂದು ಕುಂಡದ ಗಿಡದಲ್ಲೇ ಬಿಟ್ಟಿದ್ದ ದಾಸವಾಳಕ್ಕೆ ಬಾಯಿ ಹಾಕಿತು. ಮುನಿವೆಂಕಟಮ್ಮ ಕಿರುಚುವ ಮೊದಲೇ ಗುರುಸಿದ್ದ ನೀರಿನ ಟ್ಯಾಂಕಿನ ಮೇಲಿದ್ದ. ಕೊನೆಗೆ ರಾಮಯ್ಯನೇ ಬುಟ್ಟಿ ಕವುಚಿ ಹಿಡಿದ.

"ದೀಪ ಹಚ್ಚೋ ಹೊತ್ಗೆ ಅದು ಇಲ್ಲಿರಬಾರ್ದು. ಇದ್ರೆ ನೀನೂ ಇರಬೇಡ," ಎಂದಳು ಮುನಿವೆಂಕಟಮ್ಮ.

ಗುರುಸಿದ್ದನಿಗೆ ಜೀವ ಬಂತು. ಸಂಜೆ ಶಾಲಿನಿ ಬರುತ್ತಾಳೆ, ಪೀಡೆ ತೊಲಗುತ್ತದೆ, ರೂಮು ಉಳಿಯುತ್ತದೆ, ಮೇಲೆ ಕಾಫಿ. ಇಸ್ತ್ರಿ ಅಂಗಿ ತೊಟ್ಟು, ಬುಟ್ಟಿಯೊಂದಿಗೆ ಗೇಟಿನ ಬಳಿ ಕಾದ. ಕತ್ತಲಾಗುತ್ತಾ ಬಂದರೂ ಅವಳ ಸುಳಿವಿಲ್ಲ. ಫೋನು ಮಾಡಿದ.

"ಬೇಜಾರ್ ಮಾಡ್ಕೋಬೇಡ ಗುರು. ಅದು ನಂದಲ್ಲ," ಎಂದಳು ಶಾಲಿನಿ. "ಯಾರೋ ಆಸ್ಪತ್ರೇಲಿ ಬಿಟ್ಟು ಹೋಗಿದ್ರಂತೆ. ಮೊದಲ್ನೇ ವಾರ ಕೈಲಾಸ್ ಸಖತ್ತಾಗಿ ಮಾತಾಡಿದ್ನಲ್ಲ, ಅವನಿಗೆ ಕೊಟ್ರು. ಮನು ಮಾತಾಡಿದ ಮಾರನೇ ದಿನ ಕೈಲಾಸ್ ಅವನಿಗೆ ಅಂಟಿಸ್ದ. ನಾನು ಮಾತಾಡಿದ ಮಾರನೇ ದಿನ ಮನು ನಂಗೆ. ಎಲ್ರೂ ಒಂದೇ ದಿನ ಅಂತಾನೇ ಕೊಟ್ಟಿದ್ದು. ನಂಗೆ ಅದನ್ನ ನೋಡಿದ್ರೆ ನಿದ್ದೆ ಬರಲ್ಲ ಕಣೋ."

ಒಳಗೆ ದೀಪ ಹಚ್ಚಿಯಾಗಿತ್ತು. ಮುನಿವೆಂಕಟಮ್ಮ ಹೊರಬಂದು, ಗುರುಸಿದ್ದನ ಹಾಸಿಗೆಯನ್ನು ಸುತ್ತಿ ತಂದು ಬುಟ್ಟಿಯ ಪಕ್ಕದಲ್ಲಿಟ್ಟು ಒಳಗೆ ಹೋದಳು. ಗುರುಸಿದ್ದನ ತಲೆ ಮಾತ್ರ ಚುರುಕಾಗಿ ಓಡಿತು. ಒಂದು ವಾರ ಹೇಗಾದರೂ ತಳ್ಳಿದರೆ ಸಾಕು.

"ಹೋಗ್ಲಿ ಬಿಡು," ಎಂದ. "ಬರೋ ಶನಿವಾರ ಯಾರ ಸೆಮಿನಾರ್ ಐತಿ?"

"ಸುರಭಿದು. ಆದ್ರೆ ಹೊಸ ತಿಂಗಳಲ್ವಾ, ಸರೀಸೃಪ ನಿನ್ನ ಭಾಷಣಕ್ಕೇ ಮುಗೀತು. ಇನ್ಮೇಲೆ ಕೋಳಿ."