ನೀಲಿ ಚುಕ್ಕೆಯ ಹನ್ನೆರಡು ಸುತ್ತು

ಗುಟ್ಟು ಬೇಕು ಅನ್ನುವವರು ಮನೆಯಲ್ಲಿ ಒಂದಕ್ಕಿಂತ ಹೆಚ್ಚು ಯಂತ್ರ ಇಡಬಾರದು. ನಮ್ಮಲ್ಲಿ ಮೂರುಂಟು, ಹಾಗಾಗಿ ವಾರಕ್ಕೊಂದು ಏನಾದರೂ ಆಗಿಯೇ ಆಗುತ್ತದೆ. ಗಂಡ ದುಬೈಯಿಂದ ನನಗೆ ಫೋನು ಮತ್ತು ವಾಚು, ಅತ್ತೆಗೆ ಟ್ಯಾಬು ತಂದು, ಮೂರನ್ನೂ ಒಂದಕ್ಕೊಂದು ಜೋಡಿಸಿಟ್ಟು ಹೋದರು. ಹತ್ತನೇ ಕ್ಲಾಸಿನವರೆಗೂ ಕಂಪ್ಯೂಟರನ್ನು ಬಾಗಿಲಿನಿಂದಲೇ ನೋಡಿದವಳು ನಾನು. ಈಗ ಆ ಮೂರೂ ಅತ್ತೆ-ಸೊಸೆಗಿಂತ ಚೆನ್ನಾಗಿ ಹೊಂದಿಕೊಂಡಿವೆ.

ನನ್ನ ದೊಡ್ಡ ಗುಟ್ಟು ಒಂದೇ: ಅತ್ತೆಗೆ ತಿಳಿಯದಂತೆ ಸ್ಕೂಟರ್ ಕಲಿಯಬೇಕು, ಮಗಳನ್ನು ನಾನೇ ಶಾಲೆಗೆ ಬಿಡಬೇಕು. ಒಮ್ಮೆ ಕೇಳಿದ್ದಕ್ಕೆ ಅತ್ತೆಯದು ಖಡಾಖಂಡಿತ ಮಾತು: "ಬಸ್ಸು ಉಂಟಲ್ಲ? ಮಗುವನ್ನು ಬೀಳಿಸ್ಲಿಕ್ಕಾ?"

ಹಾಡಿದ ಮಲ್ಲಿಗೆ

ನಮ್ಮ ಶಂಕರಪುರದಲ್ಲಿ ಬೆಳಿಗ್ಗೆ ಎಲ್ಲರ ಕೈಯೂ ಮಲ್ಲಿಗೆಯಲ್ಲಿ. ಬಾಳೆನಾರು ಹಿಡಿದುಕೊಂಡೇ ವಾಚಿನಲ್ಲಿ ಗಂಡನ ಹತ್ತಿರ ಮಾತಾಡುತ್ತೇನೆ. ಜಗಳವಾದರೂ ಹೂ ಕಟ್ಟುವುದು ನಿಲ್ಲುವುದಿಲ್ಲ. ಒಂದು ದಿನ ಫೋನೇ ಕಾಣಲಿಲ್ಲ. ಹೂವು ಒಯ್ಯುವವರು ಬೈಕಿಗೆ ಕಟ್ಟು ಬಿಗಿಯುತ್ತಿದ್ದರು. ವಾಚಿನಲ್ಲಿ ಫೋನು ಹುಡುಕುವ ಗುಂಡಿ ಒತ್ತಿದೆ. ಬಾಳೆಲೆಯ ಕಟ್ಟಿನೊಳಗಿಂದ ಫೋನು ಕೂಗಿತು. ಅವರು ಎರಡು ಹೆಜ್ಜೆ ಹಿಂದೆ ಹಾರಿ, "ಎಂತ ಅಕ್ಕ, ಮಲ್ಲಿಗೆಗೂ ಸಿಮ್ ಹಾಕಿದ್ರಾ?" ಎಂದರು.

ಹಲ್ಲಿನ ಡಾಕ್ಟರ ಸೀರೆ

ಮಣಿಪಾಲಕ್ಕೆ ಹಲ್ಲು ತೋರಿಸಲು ಹೋಗುತ್ತೇನೆಂದು ಹೇಳಿ, ಉಡುಪಿಯ ಅಂಗಡಿಯಲ್ಲಿ ಸೀರೆ ಹೊದ್ದು ಫೋಟೋ ತೆಗೆದುಕೊಂಡೆ. ಎರಡು ನಿಮಿಷದಲ್ಲಿ ಅತ್ತೆಯ ಫೋನು.

"ಆ ಡಾಕ್ಟರು ಸೀರೆಯೂ ಮಾರ್ತಾರಾ?"

ಫೋಟೋಗಳೆಲ್ಲ ಟ್ಯಾಬಿಗೂ ಹೋಗುತ್ತಿದ್ದವು!

"ಕೆಂಪು ಬೇಡ, ಹಸಿರು ತಗೋ. ನನ್ನ ಹಲ್ಲೂ ಸ್ವಲ್ಪ ನೋಯ್ತದೆ, ನನಗೂ ಒಂದು ತಾ."

ಸುತ್ತು

ಆಮೇಲೆ ಫೋಟೋ ಹೋಗದಂತೆ ಮಾಡಿಸಿದೆ. ಇನ್ನು ಭಯವಿಲ್ಲ ಎಂದುಕೊಂಡು, ಹೊಲಿಗೆ ಕ್ಲಾಸಿನ ಹೆಸರು ಹೇಳಿ ಕಾಪುವಿಗೆ ಹೋಗತೊಡಗಿದೆ. ಅಲ್ಲಿ ಗೆಳತಿಯ ಸ್ಕೂಟರ್. ಅಲ್ಲಿನ ದೇವಸ್ಥಾನದ ಹೊರಗೋಡೆಯ ಸುತ್ತ ಖಾಲಿ ರಸ್ತೆ. ದಿನಕ್ಕೆ ಹನ್ನೆರಡು ಸುತ್ತು.

ಅದೇ ಹೊತ್ತಿಗೆ ಅತ್ತೆ ವಿಚಿತ್ರವಾಗಿ ಮೆತ್ತಗಾದರು. ಮನೆಗೆ ಬಂದ ಕೂಡಲೇ ಎಳನೀರು. "ಕಾಲು ನೋಯ್ತದಾ ಮಗಾ?" ಹೊಲಿಗೆ ಮಿಷನ್ ತುಳಿದು ನೋಯುತ್ತದೆಂದು ತಿಳಿದಿರಬೇಕು ಅಂದುಕೊಂಡು ಎರಡು ತಿಂಗಳು ಎಳನೀರು ಕುಡಿದೆ.

ಮಣಿಪಾಲದಲ್ಲಿ ಡ್ರೈವಿಂಗ್ ಟೆಸ್ಟ್ ಪಾಸಾಯಿತು. ಮನೆ ಮುಟ್ಟುವಾಗ ಅತ್ತೆ ಟ್ಯಾಬು ಹಿಡಿದು ಜಗಲಿಯಲ್ಲೇ ಕೂತಿದ್ದರು. ನಿಲ್ಲಿಸಿದ್ದು ಫೋಟೋ ಮಾತ್ರ, ಲೈಸೆನ್ಸಿನ ಮೆಸೇಜು ನನಗಿಂತ ಮೊದಲೇ ಮನೆಗೆ ಬಂದಿತ್ತು.

"ಇದೆಂತ?"

ಒಪ್ಪಿಕೊಂಡೆ. ಹೊಲಿಗೆ ಇಲ್ಲ, ಸ್ಕೂಟರ್.

ಅತ್ತೆ ಟ್ಯಾಬಿನಲ್ಲಿ ಮ್ಯಾಪು ತೆಗೆದರು. ಅಂಗಳದಲ್ಲಿ ನಿಂತ ನಾನೇ ಅದರಲ್ಲಿ ಒಂದು ನೀಲಿ ಚುಕ್ಕೆ. ಅದು ನಾನೆಂದು ಗಂಡ ತಾಯಿಗೆ ತೋರಿಸಿಕೊಟ್ಟಿದ್ದರು, ನನಗೆ ಹೇಳಿರಲಿಲ್ಲ.

"ಹಾಗಾದರೆ ದಿನಾ ದೇವಸ್ಥಾನಕ್ಕೆ ಹನ್ನೆರಡು ಪ್ರದಕ್ಷಿಣೆ ಬರ್ತಿದ್ದದ್ದು?"

"ಅದು... ಸ್ಕೂಟರಿನಲ್ಲಿ."

"ನನ್ನ ಸೊಂಟನೋವಿಗೆ ಸೊಸೆ ಹರಕೆ ಹೊತ್ತಿದ್ದಾಳೆ ಅಂತ ಊರಿಗೆಲ್ಲ ಹೇಳಿದೆನಲ್ಲ ಮಾರಾಯ್ತಿ! ನೋವು ಹೋಗಿಯೂ ಹೋಯ್ತು!"

ಸ್ಕೂಟರಿನ ಆಸೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅತ್ತೆ ಎದ್ದು ಒಮ್ಮೆ ಬಗ್ಗಿದರು, ನೆಟ್ಟಗಾದರು, ಸೊಂಟ ಮುಟ್ಟಿ ನೋಡಿಕೊಂಡರು.

"ಆಯ್ತು, ಸ್ಕೂಟರ್ ತಗೋ," ಎಂದರು. "ಆದರೆ ಸುತ್ತು ನಿಲ್ಲಿಸಬೇಡ. ಮೊಣಕಾಲಿನ ನೋವು ಇನ್ನೂ ಉಂಟು."